ಅರಮನೆಯ ಬಾಗಿಲು ತೆರೆಯುವ ಮೊದಲು: ಸೂಪರ್ ಮಾರಿಯೊ 64 ಕಲಿಯುವವರಿಗೆ

ಸೂಪರ್ ಮಾರಿಯೊ 64 ವಿಡಿಯೊ ಗೇಮ್ ಶುರುವಾಗುವುದು ಪೀಚ್ ರಾಜಕುಮಾರಿಯ ಪತ್ರದಿಂದ. ಅದು ಮುಗಿದ ಮೇಲೆ ಹಸಿರು ಕೊಳವೆಯಿಂದ ನಾಯಕ ಮಾರಿಯೊ ಹೊರಗೆ ಜಿಗಿಯುತ್ತಾನೆ. ಎದುರಿಗೆ ಕಂದಕ, ಸೇತುವೆ, ಅದರಾಚೆ ಅರಮನೆ. ಹೊಸಬರು ಸೀದಾ ಬಾಗಿಲ ಕಡೆಗೆ ಓಡುತ್ತಾರೆ. ನೀವು ಓಡಬೇಡಿ. ಮೊದಲ ಅರ್ಧ ಗಂಟೆಯನ್ನು ಅಂಗಳದಲ್ಲೇ ಕಳೆಯಿರಿ. ಇಲ್ಲಿ ಶತ್ರುಗಳಿಲ್ಲ, ಸಮಯದ ಮಿತಿಯಿಲ್ಲ, ಬಿದ್ದು ಸಾಯುವ ಪ್ರಪಾತವಿಲ್ಲ. ಕಂದಕದ ನೀರಿನಲ್ಲಿ ಉಸಿರು ಮುಗಿಯುವ ತನಕ ಮುಳುಗಿ ಕುಳಿತರೆ ಮಾತ್ರ ಪ್ರಾಣಕ್ಕೆ ಸಂಚಕಾರ. ಉಳಿದಂತೆ ಹುಲ್ಲು, ದಿಬ್ಬ, ಮರಗಳು, ಒಂದು ಜಲಪಾತ. ಆಟದ ತಯಾರಕರು ಇಷ್ಟನ್ನೂ ಬಾಗಿಲಿನ ಹೊರಗೆ ಇಟ್ಟಿರುವುದು ಸುಮ್ಮನೆ ಅಲ್ಲ.

ಮೊದಲು ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ನ ಸ್ಟಿಕ್ಕನ್ನು, ಅಂದರೆ ಹೆಬ್ಬೆರಳಿನಿಂದ ಆಡಿಸುವ ಪುಟ್ಟ ಕಡ್ಡಿಯನ್ನು, ಕೂದಲೆಳೆಯಷ್ಟು ಮುಂದಕ್ಕೆ ತಳ್ಳಿ. ಮಾರಿಯೊ ತುದಿಗಾಲಿನಲ್ಲಿ ಹೆಜ್ಜೆ ಇಡುತ್ತಾನೆ. ಇನ್ನಷ್ಟು ತಳ್ಳಿದರೆ ನಡಿಗೆ, ಪೂರ್ತಿ ತಳ್ಳಿದರೆ ಓಟ. ಓಡುತ್ತಿರುವಾಗ ಥಟ್ಟನೆ ಹಿಂದಕ್ಕೆ ಎಳೆಯಿರಿ: ಕಾಲು ಊರಿ ಜಾರಿ ತಿರುಗುತ್ತಾನೆ. ಆ ಜಾರಿಕೆಯ ಕ್ಷಣದಲ್ಲೇ ‘ಎ’ ಗುಂಡಿ ಒತ್ತಿದರೆ ಪಕ್ಕಕ್ಕೆ ಲಾಗ ಹಾಕಿ ಮಾಮೂಲಿ ನೆಗೆತಕ್ಕಿಂತ ಬಹಳ ಎತ್ತರಕ್ಕೆ ಹೋಗುತ್ತಾನೆ. ಇದನ್ನೇ ಹತ್ತಾರು ಸಲ ಮಾಡಿ. ನಿಮ್ಮ ಹೆಬ್ಬೆರಳಿಗೂ ಅವನ ಕಾಲಿಗೂ ನಡುವೆ ಯಾವ ಗುಮಾಸ್ತನೂ ಇಲ್ಲ ಎಂದು ಅನ್ನಿಸತೊಡಗಿದಾಗ ಮುಂದಿನ ಪಾಠಕ್ಕೆ ಹೋಗಬಹುದು.

ನಾನು ಶಿವಮೊಗ್ಗದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುವವಳು. ಅಣ್ಣ ಅಮೆರಿಕದಿಂದ ಬರುವಾಗ ಈ ಆಟ ಆಡುವ ಹಳೆಯ ನಿಂಟೆಂಡೊ 64 ಯಂತ್ರವೊಂದನ್ನು ತಂದುಕೊಟ್ಟ. ಅದಕ್ಕೆ 110 ವೋಲ್ಟ್ ಬೇಕಾದ್ದರಿಂದ ಟಿವಿಯ ಪಕ್ಕ ಒಂದು ಟ್ರಾನ್ಸ್‌ಫಾರ್ಮರ್ ಸದಾ ಗುಂಯ್‌ಗುಡುತ್ತಿತ್ತು. ಆಮೇಲೆ ನಮ್ಮ ಮನೆಗೆ ಬಂದ ಮಕ್ಕಳಿಗೂ ದೊಡ್ಡವರಿಗೂ ಈ ಆಟ ಕಲಿಸುವುದು ನನಗೊಂದು ಚಟವಾಯಿತು. ಬಂದವರಲ್ಲಿ ಹೆಚ್ಚಿನವರು ಮಾರಿಯೊನನ್ನು ಅದಕ್ಕೂ ಮೊದಲೇ ಬಲ್ಲವರು. ‘9999 ಆಟಗಳು’ ಎಂದು ಬರೆದುಕೊಂಡ ಅಗ್ಗದ ಕ್ಯಾಸೆಟ್ಟುಗಳಲ್ಲಿ ಎಡದಿಂದ ಬಲಕ್ಕೆ ಓಡುವ ಆ ಮಾರಿಯೊನನ್ನು ಆಡದ ಮನೆ ನಮ್ಮ ಬೀದಿಯಲ್ಲಿ ಇರಲಿಲ್ಲ. ಹಾಗೆ ಆಡಿದವರಿಗೆ ಬಲಕ್ಕೆ ಓಡುವುದೇ ಆಟ ಎಂಬ ಅಭ್ಯಾಸ ಬೆರಳಿಗೆ ಅಂಟಿರುತ್ತದೆ. ಅಂಗಳದ ಪಾಠದ ಮೊದಲ ಉಪಯೋಗವೆಂದರೆ ಅದನ್ನು ಬಿಡಿಸುವುದು.

ಈಗ ಉಳಿದ ನೆಗೆತಗಳು. ಓಡುತ್ತಾ ‘ಎ’ ಒತ್ತಿ, ನೆಲ ಮುಟ್ಟಿದ ತಕ್ಷಣ ಮತ್ತೆ ಒತ್ತಿ, ಮೂರನೆಯ ಸಲವೂ ಹಾಗೆಯೇ. ಮೂರನೆಯದರಲ್ಲಿ ಮಾರಿಯೊ ಗಾಳಿಯಲ್ಲಿ ಪಲ್ಟಿ ಹೊಡೆದು ಸಂತೋಷದಿಂದ ಕೂಗುತ್ತಾನೆ (ಆ ಕಂಠ ಚಾರ್ಲ್ಸ್ ಮಾರ್ಟಿನೆಟ್ ಅವರದು). ಓಡುತ್ತಾ ‘ಜೆಡ್’ ಒತ್ತಿ ಕೂಡಲೇ ‘ಎ’ ಒತ್ತಿದರೆ ಉದ್ದ ನೆಗೆತ. ಇಡೀ ಆಟದಲ್ಲಿ ಅತಿ ಹೆಚ್ಚು ಬಳಕೆಗೆ ಬರುವುದು ಇದೇ. ನಿಂತಲ್ಲೇ ‘ಜೆಡ್’ ಹಿಡಿದು ‘ಎ’ ಒತ್ತಿದರೆ ಹಿಂಪಲ್ಟಿ. ಗಾಳಿಯಲ್ಲಿರುವಾಗ ‘ಜೆಡ್’ ಒತ್ತಿದರೆ ಧೊಪ್ಪೆಂದು ಕುಂಡೆ ಊರಿ ಬೀಳುತ್ತಾನೆ. ಗೂಟ ಜಡಿಯಲು ಇದು ಬೇಕು. ಗೋಡೆಗೆ ಹಾರಿ, ತಗುಲಿದ ಕ್ಷಣವೇ ‘ಎ’ ಒತ್ತಿದರೆ ಗೋಡೆಯನ್ನು ಒದ್ದು ಎದುರು ದಿಕ್ಕಿಗೆ ಹಾರುತ್ತಾನೆ. ಈ ಕೊನೆಯದು ಮೊದಲ ದಿನ ಬರುವುದಿಲ್ಲ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಅಂಗಳ ಬಿಡುವ ಮುನ್ನ ಒಂದು ಮರ ಹತ್ತಿ. ತುದಿ ತಲುಪಿದ ಮೇಲೂ ಸ್ಟಿಕ್ಕನ್ನು ಮೇಲಕ್ಕೆ ಹಿಡಿದರೆ ಮಾರಿಯೊ ಮರದ ನೆತ್ತಿಯ ಮೇಲೆ ಕೈಯೂರಿ ತಲೆಕೆಳಗಾಗಿ ನಿಲ್ಲುತ್ತಾನೆ. ಇದರಿಂದ ಅಂಕವಿಲ್ಲ, ನಾಣ್ಯವಿಲ್ಲ, ಯಾವ ಬಾಗಿಲೂ ತೆರೆಯುವುದಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಯಾರು ಇಲ್ಲಿ ನಗುತ್ತಾರೋ ಅವರು ಆಟವನ್ನು ಮುಗಿಸುತ್ತಾರೆ ಎಂಬುದು ನನ್ನ ಲೆಕ್ಕಾಚಾರ. ಈ ಆಟ ಇಂದಿಗೂ ಹಳಸದಿರುವುದಕ್ಕೆ ನನಗೆ ಗೊತ್ತಿರುವ ಕಾರಣ ಇಷ್ಟೆ: ಕೈಕಾಲು ಆಡಿಸುವುದೇ ಇಲ್ಲಿ ಸುಖ, ಆಟದ ಗುರಿಯಾದ ನಕ್ಷತ್ರಗಳನ್ನು ಹುಡುಕುವುದು ಅದಕ್ಕೊಂದು ನೆಪ. ಚಿತ್ರಗಳು ಹಳತಾಗಿವೆ, ಅದನ್ನು ಮುಚ್ಚಿಡಬೇಕಾಗಿಲ್ಲ. ನೀವು ಹತ್ತಿದ ಆ ಮರವನ್ನೇ ಸುತ್ತಿ ನೋಡಿ, ಅದೊಂದು ಚಪ್ಪಟೆ ಚಿತ್ರ. ಎಲ್ಲಿಂದ ನೋಡಿದರೂ ನಿಮ್ಮ ಕಡೆಗೇ ಮುಖ ತಿರುಗಿಸಿಕೊಳ್ಳುತ್ತದೆ. ಆದರೆ ಆ ಮರವನ್ನು ಹತ್ತುವ ಕೈಗೆ ವಯಸ್ಸಾಗಿಲ್ಲ.

ಈ ಆಟ ಜಪಾನಿನಲ್ಲಿ ಬಿಡುಗಡೆಯಾದದ್ದು 1996ರ ಜೂನ್ 23ರಂದು, ನಿಂಟೆಂಡೊ 64 ಯಂತ್ರದ ಜೊತೆಗೇ. ನಿರ್ದೇಶಕ ಶಿಗೆರು ಮಿಯಾಮೊಟೊ. ಲೋಕಗಳನ್ನು ಕಟ್ಟುವ ಮೊದಲೇ ಅವರ ತಂಡ ಮಾರಿಯೊನ ಚಲನೆಯನ್ನು ಸಣ್ಣದೊಂದು ಜಾಗದಲ್ಲಿ ತಿದ್ದುತ್ತಾ ಕುಳಿತಿತ್ತು. ಅವನು ಅಟ್ಟಿಸಿಕೊಂಡು ಹೋಗಲು ಅಲ್ಲೊಂದು ಮೊಲವನ್ನು ಬಿಟ್ಟಿದ್ದರು. ಯಂತ್ರದ ಪ್ರೊಸೆಸರ್ ಮಿಪ್ಸ್ ಮಾದರಿಯದು, ಮೊಲಕ್ಕೂ ಅದೇ ಹೆಸರು. ಆ ಹಳದಿ ಮೊಲ ಆಟದೊಳಗೆ ಇನ್ನೂ ಇದೆ. ನಿಮ್ಮ ಬಳಿ 15 ನಕ್ಷತ್ರಗಳಾದಾಗ ಅರಮನೆಯ ನೆಲಮಾಳಿಗೆಯಲ್ಲಿ ಕಾಣಿಸುತ್ತದೆ, ಹಿಡಿದರೆ ಒಂದು ನಕ್ಷತ್ರ ಕೊಡುತ್ತದೆ. ಹಿಂದೆ ಬಿದ್ದು ಓಡಿ ಪ್ರಯೋಜನವಿಲ್ಲ. ಮೂಲೆಗೆ ಒತ್ತರಿಸಿ, ಅದು ತಿರುಗುವ ಹೊತ್ತಿಗೆ ‘ಬಿ’ ಒತ್ತಿ ಮುಂದಕ್ಕೆ ಧುಮುಕಬೇಕು. ನಾನು ಇದನ್ನು ಅಂಗಳದ ಪಾಠದ ಪರೀಕ್ಷೆ ಎಂದೇ ಇಟ್ಟುಕೊಂಡಿದ್ದೇನೆ.

ಯಾವ ಯಂತ್ರದಲ್ಲಿ ಆಡಬೇಕು? ಇವತ್ತು ಸುಲಭದ ದಾರಿ ನಿಂಟೆಂಡೊ ಸ್ವಿಚ್. 2021ರ ಅಕ್ಟೋಬರ್‌ನಿಂದ ಅದರ ಆನ್‌ಲೈನ್ ಚಂದಾದ ಎಕ್ಸ್‌ಪ್ಯಾನ್ಶನ್ ಪ್ಯಾಕ್‌ನಲ್ಲಿ ಈ ಆಟ ಸಿಗುತ್ತದೆ. 2020ರಲ್ಲಿ ಬಂದ ‘ಸೂಪರ್ ಮಾರಿಯೊ 3ಡಿ ಆಲ್-ಸ್ಟಾರ್ಸ್’ ಸಂಕಲನವನ್ನು 2021ರ ಮಾರ್ಚ್ ಅಂತ್ಯಕ್ಕೆ ನಿಲ್ಲಿಸಿಬಿಟ್ಟರು, ಹಳೆಯ ಪ್ರತಿ ಸಿಕ್ಕರೆ ಅದೂ ಆದೀತು. ನಾನು ಇಲ್ಲಿ ಬಳಸುವುದು ಮೂಲ ಕಂಟ್ರೋಲರ್‌ನ ಗುಂಡಿಗಳ ಹೆಸರು. ಅದರ ಹಳದಿ ‘ಸಿ’ ಗುಂಡಿಗಳ ಕೆಲಸವನ್ನು ಸ್ವಿಚ್‌ನಲ್ಲಿ ಬಲಗಡೆಯ ಸ್ಟಿಕ್ ಮಾಡುತ್ತದೆ. 2004ರಲ್ಲಿ ನಿಂಟೆಂಡೊದ ಪುಟ್ಟ ಕೈಯಂತ್ರ ಡಿಎಸ್‌ಗೆ ಬಂದ ಆವೃತ್ತಿಯಿಂದ ಮಾತ್ರ ಶುರು ಮಾಡಬೇಡಿ. ಅದರಲ್ಲಿ 150 ನಕ್ಷತ್ರಗಳಿವೆ, ಬೇರೆ ಪಾತ್ರಗಳೂ ಇವೆ, ಆದರೆ ಆ ಯಂತ್ರಕ್ಕೆ ಸ್ಟಿಕ್ ಇಲ್ಲ. ತುದಿಗಾಲಿನ ನಡಿಗೆಯನ್ನು ಬೆರಳಿನ ಒತ್ತಡದಿಂದ ಕಂಡುಕೊಳ್ಳುವ ಸುಖ ಅಲ್ಲಿ ಸಿಗುವುದಿಲ್ಲ.

ಮೂಲ ಆಟದ ಒಂದು ಪ್ರತಿ ಹರಾಜಿನಲ್ಲಿ, 2021ರ ಜುಲೈನಲ್ಲಿ, 15.6 ಲಕ್ಷ ಡಾಲರಿಗೆ ಹೋಯಿತು. ಅದರ ಪೊಟ್ಟಣವನ್ನೇ ಒಡೆದಿರಲಿಲ್ಲ. ಆಡದ ಆಟಕ್ಕೆ ಅಷ್ಟು ಹಣ!

ಸೇತುವೆಯ ಹತ್ತಿರ ಹೋದಾಗ ಮೋಡದ ಮೇಲೆ ಕುಳಿತ ಲಾಕಿಟು ಬರುತ್ತಾನೆ. ಕೋಲಿಗೆ ಕ್ಯಾಮೆರಾ ತೂಗುಹಾಕಿಕೊಂಡು ನಿಮ್ಮನ್ನು ಚಿತ್ರೀಕರಿಸುವವನು ತಾನೇ ಎಂದು ಪರಿಚಯ ಹೇಳಿಕೊಳ್ಳುತ್ತಾನೆ. ಅವನ ಮಾತನ್ನು ಪೂರ್ತಿ ಓದಿ, ಏಕೆಂದರೆ ಮುಂದೆ ನೀವು ಬೈಯುವುದೆಲ್ಲ ಅವನನ್ನೇ. ಈ ಆಟವನ್ನು ಅರ್ಧಕ್ಕೆ ಬಿಟ್ಟವರನ್ನು ಕೇಳಿದರೆ ಹೆಚ್ಚಿನವರು ಹೇಳುವುದು ಕ್ಯಾಮೆರಾದ ಕಾಟವನ್ನು. ಇಂದಿನ ಆಟಗಳಲ್ಲಿ ಕ್ಯಾಮೆರಾ ನಯವಾಗಿ ಸುತ್ತುತ್ತದೆ. ಇಲ್ಲಿ ಎಡ-ಬಲ ‘ಸಿ’ ಒತ್ತಿದಾಗ ಅದು ಒಂದೊಂದು ಮೆಟ್ಟಿಲಿನಷ್ಟು ತಿರುಗುತ್ತದೆ, ಗೋಡೆ ಅಡ್ಡ ಬಂದರೆ ಕಿರ್ರೆಂದು ಸದ್ದು ಮಾಡಿ ಒಲ್ಲೆ ಎನ್ನುತ್ತದೆ. ಹಾಗಾಗಿ ನೆಗೆಯುವ ಮೊದಲೇ ಕ್ಯಾಮೆರಾವನ್ನು ಹೊಂದಿಸಿಕೊಳ್ಳಬೇಕು, ನೆಗೆಯುವಾಗ ಅಲ್ಲ. ನಿಲ್ಲಿ, ನೀವು ಹೋಗಬೇಕಾದ ಹಲಗೆ ಪರದೆಯಲ್ಲಿ ಸರಿಯಾಗಿ ನೇರ ಎದುರಿಗೆ ಬರುವಂತೆ ತಿರುಗಿಸಿ, ಆಮೇಲೆ ಓಡಿ. ಓರೆಯಾಗಿ ಕಾಣುವ ಕಿರಿದಾದ ಹಾದಿಯಲ್ಲಿ ಸ್ಟಿಕ್ಕನ್ನೂ ಓರೆಯಾಗಿ ಹಿಡಿದು ನಡೆಯುವುದೆಂದರೆ ಬೀಳುವುದಕ್ಕೆ ಅರ್ಜಿ ಹಾಕಿದ ಹಾಗೆ. ‘ಆರ್’ ಒತ್ತಿದರೆ ಮಾರಿಯೊನ ಬೆನ್ನಿಗೇ ಅಂಟಿಕೊಂಡ ನೋಟ ಬರುತ್ತದೆ, ಇಕ್ಕಟ್ಟಿನ ಜಾಗದಲ್ಲಿ ಅದು ವಾಸಿ. ‘ಸಿ’ ಮೇಲಿನ ಗುಂಡಿ ಅವನ ಕಣ್ಣಿನಿಂದಲೇ ಸುತ್ತ ನೋಡಲು. ಮುಂದೆ ಮೇಲಿನ ಮಹಡಿಯಲ್ಲಿ ಕನ್ನಡಿಗಳ ಕೋಣೆಯೊಂದು ಸಿಗುತ್ತದೆ. ಅಲ್ಲಿ ಕನ್ನಡಿಯೊಳಗೆ ಮಾರಿಯೊನ ಹಿಂದೆ ತೇಲುತ್ತಿರುವ ಲಾಕಿಟುವೂ ಕಾಣುತ್ತಾನೆ. ಅಷ್ಟು ದಿನ ಬೈಸಿಕೊಂಡವನನ್ನು ಅಲ್ಲಿ ನೋಡಿದಾಗ ನನಗೆ ತುಸು ಪಾಪ ಅನ್ನಿಸಿತು.

ಈಗ ಒಳಗೆ ಹೋಗಿ. ಪಡಸಾಲೆಯ ಎಡಗಡೆಯ ಕೋಣೆಯಲ್ಲಿ ಬಾಂಬುಗಳ ಚಿತ್ರಪಟ ಇದೆ. ಅದರೊಳಕ್ಕೆ ಹಾರಿ. ನೀರಿನ ಹಾಗೆ ಅಲೆ ಎದ್ದು ಚಿತ್ರ ನಿಮ್ಮನ್ನು ನುಂಗುತ್ತದೆ. ಇದು ಬಾಬ್-ಆಂಬ್ ಬ್ಯಾಟಲ್‌ಫೀಲ್ಡ್, ಮೊದಲ ಲೋಕ. ಪ್ರತಿ ಲೋಕಕ್ಕೆ ಹೋಗುವಾಗಲೂ ಒಂದು ನಕ್ಷತ್ರದ ಹೆಸರು ತೋರಿಸುತ್ತಾರೆ, ಆ ಹೆಸರೇ ಸುಳಿವು. ಆದರೆ ಅದನ್ನೇ ಹುಡುಕಬೇಕೆಂಬ ಕಟ್ಟಳೆಯಿಲ್ಲ. ದಾರಿಯಲ್ಲಿ ಬೇರೊಂದು ಸಿಕ್ಕರೆ ಅದೂ ನಿಮ್ಮದೇ.

ಮೊದಲ ಬೇಟೆಗೆ ಹೇಳಿಮಾಡಿಸಿದ ಪಾಠ ಚೈನ್ ಚಾಂಪ್. ಹಾದಿಯ ಪಕ್ಕದಲ್ಲಿ ಕಬ್ಬಿಣದ ಗುಂಡಿನಂಥ ಕಪ್ಪು ಪ್ರಾಣಿಯೊಂದನ್ನು ಸರಪಳಿಯಿಂದ ಗೂಟಕ್ಕೆ ಕಟ್ಟಿರುತ್ತಾರೆ. ಹತ್ತಿರ ಹೋದರೆ ಹಲ್ಲು ಕಿರಿದು, ಸರಪಳಿ ಬಿಗಿಯುವ ತನಕ ನೆಗೆಯುತ್ತದೆ. ಅದರ ಹಿಂದೆ ಸರಳುಗಳಾಚೆ ಒಂದು ನಕ್ಷತ್ರ ಮಿನುಗುತ್ತಿರುತ್ತದೆ. ಮಕ್ಕಳು ಮೊದಲು ಸರಳಿಗೆ ಗುದ್ದುತ್ತಾರೆ, ಆಮೇಲೆ ಪ್ರಾಣಿಗೆ ಗುದ್ದುತ್ತಾರೆ, ಎರಡೂ ವ್ಯರ್ಥ. ಹೇಳಿಕೊಡಬಾರದು, ಕಾಯಬೇಕು. ಸ್ವಲ್ಪ ಹೊತ್ತಿನಲ್ಲಿ ಯಾರಾದರೊಬ್ಬರ ಕಣ್ಣು ಗೂಟದ ಮೇಲೆ ಬೀಳುತ್ತದೆ. ಅದು ಲೋಕದ ಇತರೆಡೆ ಜಡಿದ ಗೂಟಗಳ ಹಾಗೆಯೇ ಇದೆ ಎಂದು ಹೊಳೆಯುತ್ತದೆ. ಪ್ರಾಣಿ ಆ ಕಡೆ ನೆಗೆದಾಗ ಗೂಟದ ಮೇಲೆ ಹಾರಿ, ‘ಜೆಡ್’, ಧೊಪ್. ಮೂರು ಸಲ ಜಡಿದರೆ ಗೂಟ ನೆಲಕ್ಕಿಳಿಯುತ್ತದೆ, ಸರಪಳಿ ಕಳಚಿದ ಪ್ರಾಣಿ ನಿಮ್ಮನ್ನು ಕಚ್ಚುವ ಗೋಜಿಗೆ ಹೋಗದೆ ಸರಳುಗಳನ್ನು ಒಡೆದುಕೊಂಡು ಕುಪ್ಪಳಿಸುತ್ತಾ ಪರಾರಿ. ಶತ್ರುವನ್ನು ಕೊಲ್ಲದೆ ಬಿಡುಗಡೆ ಮಾಡಿ ಗೆದ್ದಿರಿ.  ಗೂಟ, ಸರಪಳಿ, ಸರಳು, ನಕ್ಷತ್ರ ಎಲ್ಲವೂ ಒಂದೇ ನೋಟಕ್ಕೆ ಕಾಣುವಂತೆ ಜೋಡಿಸಿದ್ದಾರೆ. ಲೆಕ್ಕದ ಪುಸ್ತಕದಲ್ಲಿ ಇಂಥ ಒಂದು ಸಮಸ್ಯೆ ರಚಿಸಲು ನನಗೆ ವಾರ ಹಿಡಿಯುತ್ತದೆ.

ಬೆಟ್ಟದ ತುದಿಯ ಬಾಂಬ್ ರಾಜನನ್ನು ಹಿಂದಿನಿಂದ ಹಿಡಿದೆತ್ತಿ ಮೂರು ಸಲ ನೆಲಕ್ಕೆ ಕುಕ್ಕಬೇಕು. ಬೆಟ್ಟದಿಂದ ಕೆಳಗೆ ಎಸೆಯಬೇಡಿ. ವಾಪಸು ಹಾರಿ ಬಂದು ಅದು ನ್ಯಾಯವಲ್ಲ ಎನ್ನುತ್ತಾನೆ, ಲೆಕ್ಕ ಮೊದಲಿನಿಂದ ಶುರು.

ಆಮೇಲಿನ ದಾರಿಯನ್ನು ನೀವೇ ಆರಿಸಿಕೊಳ್ಳಿ. ಒಂದು ನಕ್ಷತ್ರಕ್ಕೆ ವಾಂಪ್ಸ್ ಫೋರ್ಟ್ರೆಸ್ ತೆರೆಯುತ್ತದೆ, ಮೂರಕ್ಕೆ ಕೂಲ್ ಕೂಲ್ ಮೌಂಟನ್ ಮತ್ತು ಜಾಲಿ ರೋಜರ್ ಬೇ. ವಾಂಪ್ಸ್‌ನಲ್ಲಿ ಮಲಗಿರುವ ಕಚ್ಚುವ ಗಿಡಗಳ ಹತ್ತಿರ ಓಡಿದರೆ ಎಚ್ಚರವಾಗಿ ಮೇಲೆ ಬೀಳುತ್ತವೆ. ತುದಿಗಾಲಿನಲ್ಲಿ ಹೋಗಿ. ಸಂಗೀತವೂ ತಗ್ಗಿ ಜೋಗುಳವಾಗುತ್ತದೆ. ಅಂಗಳದಲ್ಲಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬಂತು ನೋಡಿ.

ಕೂಲ್ ಕೂಲ್ ಮೌಂಟನ್‌ನಲ್ಲಿ ಬೆಟ್ಟದ ತುದಿಯ ಗುಡಿಸಿಲಿನ ಬಳಿ ಒಂದು ಪೆಂಗ್ವಿನ್ ಮರಿ ಅಳುತ್ತಿರುತ್ತದೆ, ತಾಯಿ ಬುಡದಲ್ಲಿ ಕಾಯುತ್ತಿರುತ್ತಾಳೆ. ಎತ್ತಿಕೊಂಡು ಜಾರದೆ ಇಳಿದು ಒಪ್ಪಿಸಿದರೆ ನಕ್ಷತ್ರ. ಒಪ್ಪಿಸಿದ ಮೇಲೆ ಮತ್ತೆ ಮರಿಯನ್ನು ಎತ್ತಿಕೊಂಡು ಹೊರಟರೆ ತಾಯಿ ಕಣ್ಣು ಕೆಂಪಗೆ ಮಾಡಿಕೊಂಡು ಬೆನ್ನಟ್ಟುತ್ತಾಳೆ. ಇದನ್ನು ಪರೀಕ್ಷಿಸದ ಮಗುವನ್ನು ನಾನು ಈವರೆಗೆ ಕಂಡಿಲ್ಲ, ನಂತರ ಏನು ಮಾಡುತ್ತವೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದೇ ಗುಡಿಸಿಲಿನ ಚಿಮಣಿಯೊಳಗೆ ಇಳಿದರೆ ಉದ್ದನೆಯ ಜಾರುಬಂಡಿ, ಅಲ್ಲೊಂದು ದೊಡ್ಡ ಪೆಂಗ್ವಿನ್ ಜೊತೆ ಪಂದ್ಯ. ಅಡ್ಡದಾರಿ ಹಿಡಿದು ಗೆದ್ದರೆ ಮೋಸ ಎಂದು ಹೇಳಿ ನಕ್ಷತ್ರ ಕೊಡುವುದಿಲ್ಲ. ನಮ್ಮ ಶಾಲೆಯ ನಿವೃತ್ತ ಹಿಂದಿ ಮೇಷ್ಟರು ಬಂದಾಗಲೆಲ್ಲ ಈ ಜಾರುಬಂಡಿ ಒಂದನ್ನೇ ಆಡಿ ಕಾಫಿ ಕುಡಿದು ಹೋಗುತ್ತಾರೆ. ಅವರ ಕ್ರಮದಲ್ಲಿ ನನಗೆ ಯಾವ ತಪ್ಪೂ ಕಾಣುವುದಿಲ್ಲ.

ಪ್ರತಿ ನಕ್ಷತ್ರ ಸಿಕ್ಕಾಗಲೂ ಉಳಿಸಬೇಕೆ ಎಂದು ಆಟ ಕೇಳುತ್ತದೆ. ಉಳಿಸಿ. ಬೇಸಿಗೆಯ ಲೋಡ್ ಶೆಡ್ಡಿಂಗ್‌ನಲ್ಲಿ ಬೆಳೆದವರಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಿಲ್ಲ.

ಪೂರ್ತಿ 120 ನಕ್ಷತ್ರಗಳಿವೆ: 15 ಲೋಕಗಳಲ್ಲಿ ತಲಾ ಏಳು, ಅರಮನೆಯ ಮೂಲೆಮುಡುಕುಗಳಲ್ಲಿ ಇನ್ನು 15. ಆಟದ ಖಳನಾಯಕ ಬೌಸರ್‌ನ ಕೊನೆಯ ಬಾಗಿಲಿಗೆ ಬೇಕಾದದ್ದು 70 ಮಾತ್ರ. ಈ ಎರಡು ಸಂಖ್ಯೆಗಳ ನಡುವಿನ 50 ನಿಮ್ಮ ಸ್ವಾತಂತ್ರ್ಯ. ಯಾವುದು ಬೇಸರ ತರಿಸುತ್ತದೋ ಅದನ್ನು ಬಿಟ್ಟು ಚಿತ್ರಪಟದಿಂದ ಹೊರಗೆ ಬನ್ನಿ. ನನ್ನ ಸಲಹೆ ಕೇಳುವುದಾದರೆ, ಪ್ರತಿ ಲೋಕದ ನೂರು ನಾಣ್ಯಗಳ ನಕ್ಷತ್ರವನ್ನು ಮೊದಲ ಸುತ್ತಿನಲ್ಲಿ ಮುಟ್ಟಬೇಡಿ. ರೇನ್‌ಬೋ ರೈಡ್‌ನಲ್ಲಿ ಕಾಲ ಕೆಳಗೆ ಬರೀ ಆಕಾಶ, ಹಾರುವ ಚಾಪೆಗಾಗಿ ಕಾಯುತ್ತಾ ನಿಲ್ಲಬೇಕು, ಅದನ್ನೂ ಬಿಡಿ. ವೆಟ್-ಡ್ರೈ ವರ್ಲ್ಡ್ ನನಗೆ ಹಿಡಿಸದ ಲೋಕ, ಆದರೆ ಅದರ ಉಪಾಯವನ್ನು ಮೆಚ್ಚಲೇಬೇಕು: ಚಿತ್ರಪಟದೊಳಕ್ಕೆ ಎಷ್ಟು ಎತ್ತರದಲ್ಲಿ ಹಾರುತ್ತೀರೋ ಒಳಗೆ ನೀರು ಅಷ್ಟು ಎತ್ತರಕ್ಕೆ ನಿಂತಿರುತ್ತದೆ. ಟಿಕ್ ಟಾಕ್ ಕ್ಲಾಕ್‌ನಲ್ಲಿ ಗಡಿಯಾರದ ನಿಮಿಷದ ಮುಳ್ಳು 12ರ ಮೇಲಿರುವಾಗ ಒಳಗೆ ಹಾರಿ, ಒಳಗಿನ ಯಂತ್ರಗಳೆಲ್ಲ ನಿಂತಿರುತ್ತವೆ. ಇದನ್ನು ತಿಳಿಯದೆ ಒದ್ದಾಡುವವರು ಬಹಳ.

ಡೈರ್ ಡೈರ್ ಡಾಕ್ಸ್‌ಗೆ ಬಂದಾಗ ಟಿವಿಯ ಸದ್ದು ಏರಿಸಿ. ಕೊಜಿ ಕೊಂಡೊ ಅವರ ಸಂಗೀತ ಮೊದಲು ತೆಳುವಾಗಿ ಶುರುವಾಗುತ್ತದೆ, ನೀವು ಒಳಕ್ಕೆ ಸಾಗಿದಂತೆ ಅದೇ ರಾಗಕ್ಕೆ ತಂತಿವಾದ್ಯಗಳು, ಆಮೇಲೆ ತಾಳವಾದ್ಯಗಳು ಒಂದೊಂದಾಗಿ ಸೇರಿಕೊಳ್ಳುತ್ತವೆ. ಉಸಿರಿನ ಚಿಂತೆ ಬೇಡ: ನೀರಿನ ಮೇಲೆ ತಲೆ ಎತ್ತಿದರೆ ಶಕ್ತಿಯ ಎಂಟೂ ತುಂಡುಗಳು ಮರಳಿ ತುಂಬುತ್ತವೆ. ಗಾಯಗೊಂಡಾಗ ಯಾವುದಾದರೂ ನೀರಿಗೆ ಬೀಳುವುದು ಈ ಆಟದ ಅಗ್ಗದ ಔಷಧ. ಹಿಮದ ಲೋಕಗಳ ತಣ್ಣೀರು ಮಾತ್ರ ಇದಕ್ಕೆ ಹೊರತು.

ಬೌಸರ್‌ನನ್ನು ಮೂರು ಸಲ ಎದುರಿಸಬೇಕು: 8 ನಕ್ಷತ್ರಗಳಿಗೆ ಒಮ್ಮೆ, 30ಕ್ಕೆ ಇನ್ನೊಮ್ಮೆ, 70ಕ್ಕೆ ಕೊನೆಯದಾಗಿ. ಉಪಾಯ ಮೂರಕ್ಕೂ ಒಂದೇ. ಅವನ ಸುತ್ತ ಓಡಿ ಹಿಂದಕ್ಕೆ ಬನ್ನಿ, ಬಾಲ ಹಿಡಿಯಿರಿ, ಸ್ಟಿಕ್ಕನ್ನು ಗರಗರನೆ ತಿರುಗಿಸಿ, ಅಂಚಿನ ಬಾಂಬು ಎದುರಿಗೆ ಬರುವುದಕ್ಕೆ ತುಸು ಮುಂಚೆ ‘ಬಿ’ ಒತ್ತಿ ಬಿಟ್ಟುಬಿಡಿ. ಬಾಂಬು ಎದುರಿಗೆ ಬಂದ ಮೇಲೆ ಬಿಟ್ಟರೆ ತಡವಾಯಿತು ಎಂದೇ ಅರ್ಥ. ಮೊದಲೆರಡು ಸಲ ಒಂದು ಹೊಡೆತ ಸಾಕು, ಕೊನೆಯಲ್ಲಿ ಮೂರು ಬೇಕು. ಅಂಗೈಯಿಂದ ತಿರುಗಿಸಬೇಡಿ, ಹೆಬ್ಬೆರಳು ಸಾಕು. ಸ್ಟಿಕ್ಕೂ ಉಳಿಯುತ್ತದೆ, ಚರ್ಮವೂ ಉಳಿಯುತ್ತದೆ.

70 ನಕ್ಷತ್ರಗಳಿಲ್ಲದೆ, ಬೌಸರ್‌ನ ಕೊನೆಯ ಬಾಗಿಲಿಗೆ ಏರುವ ಮೆಟ್ಟಿಲುಗಳಿಗೆ ಹೋಗಿ ನೋಡುವುದೂ ಒಂದು ಮೋಜು. ಎಷ್ಟು ಹತ್ತಿದರೂ ಮುಗಿಯುವುದಿಲ್ಲ, ಜೊತೆಗೆ ಏರುತ್ತಲೇ ಇರುವಂತೆ ಭ್ರಮೆ ಹುಟ್ಟಿಸುವ ಸಂಗೀತ. ಹಿಂದೆ ತಿರುಗಿದರೆ ಬಾಗಿಲು ಅಲ್ಲೇ ಇದೆ. ಈ ಮೆಟ್ಟಿಲನ್ನು ಮುರಿದ ಉಪಾಯವನ್ನು ಗಣಿತದವಳಾಗಿ ನಾನು ಹೇಳದೆ ಇರಲಾರೆ. ಉದ್ದ ನೆಗೆತದಲ್ಲಿ ಮಾರಿಯೊನ ಮುಂದಿನ ವೇಗಕ್ಕೆ ಆಟದ ಲೆಕ್ಕಾಚಾರ ಒಂದು ಮೇಲ್ಮಿತಿ ಇಟ್ಟಿದೆ. ಹಿಂದಿನ ವೇಗಕ್ಕೆ, ಅಂದರೆ ಋಣ ಸಂಖ್ಯೆಗೆ, ಮಿತಿ ಇಡುವುದನ್ನು ಮರೆತಿದ್ದಾರೆ. ಮೆಟ್ಟಿಲಿಗೆ ಬೆನ್ನು ಮಾಡಿ ಹಿಮ್ಮುಖವಾಗಿ ಉದ್ದ ನೆಗೆಯುತ್ತಾ ‘ಎ’ಯನ್ನು ಪಟಪಟನೆ ಒತ್ತಿದರೆ ಆ ಋಣ ವೇಗ ಬೆಳೆಯುತ್ತಾ ಹೋಗಿ ಮಾರಿಯೊ ಬಾಗಿಲುಗಳನ್ನೇ ದಾಟಿಬಿಡುತ್ತಾನೆ. ಕಡಿಮೆ ಸಮಯದಲ್ಲಿ ಆಟ ಮುಗಿಸುವವರು 16 ನಕ್ಷತ್ರ, ಒಂದು, ಕೊನೆಗೆ ಸೊನ್ನೆ ನಕ್ಷತ್ರದಲ್ಲೂ ಮುಗಿಸುವುದು ಇದರ ಬಲದಿಂದ. 1997ರ ಜಪಾನಿ ಮರುಬಿಡುಗಡೆಯಲ್ಲಿ ತೂತನ್ನು ಮುಚ್ಚಿದರು. 3ಡಿ ಆಲ್-ಸ್ಟಾರ್ಸ್‌ನಲ್ಲೂ ಅದು ನಡೆಯುವುದಿಲ್ಲ. ಇನ್ನು ಕೆಲವರು ‘ಎ’ ಗುಂಡಿಯನ್ನೇ ಆದಷ್ಟು ಒತ್ತದೆ, ಎಂದರೆ ನೆಗೆತದ ಆಟವನ್ನು ನೆಗೆಯದೆ, ನಕ್ಷತ್ರ ಗಳಿಸುವ ದಾರಿಗಳನ್ನು ವರ್ಷಗಟ್ಟಲೆ ಹುಡುಕಿದ್ದಾರೆ. ಮೊದಲ ಸುತ್ತು ಮುಗಿಯುವ ತನಕ ಅವರ ವಿಡಿಯೊಗಳನ್ನು ನೋಡಬೇಡಿ. ನೋಡಿದರೆ ನಿಮ್ಮ ಆಟ ನಿಮಗೇ ಮಂಕಾಗಿ ಕಾಣುತ್ತದೆ.

120 ಮುಗಿಸುವ ಹಟವಿದ್ದವರಿಗೆ ಅಂಗಳದ ಫಿರಂಗಿ ತೆರೆಯುತ್ತದೆ. ಅದರಿಂದ ಅರಮನೆಯ ಸೂರಿಗೆ ಹಾರಿದರೆ ಅಲ್ಲಿ ಮಾರಿಯೊನ ಗೆಳೆಯ, ಹಸಿರು ಡೈನೋಸಾರ್ ಯೋಶಿ ನಿಂತಿರುತ್ತಾನೆ, ನೂರು ಪ್ರಾಣಗಳನ್ನು ದಾನ ಮಾಡುತ್ತಾನೆ. ಅಷ್ಟು ಹೊತ್ತಿಗೆ ಅವುಗಳಿಂದ ಏನು ಮಾಡಬೇಕೋ ಅವನಿಗೂ ತಿಳಿಯದು.

ಆಡಿದ್ದನ್ನು ಉಳಿಸಿಡಲು ಆಟದಲ್ಲಿ ನಾಲ್ಕು ಕಡತಗಳಿವೆ, ‘ಎ’ಯಿಂದ ‘ಡಿ’ಯವರೆಗೆ. ಮನೆಯಲ್ಲಿ ಎಷ್ಟು ಜನರಿದ್ದಾರೋ ಅಷ್ಟನ್ನು ಮೊದಲ ದಿನವೇ ಹಂಚಿಬಿಡಿ. ಒಂದೇ ಕಡತದಲ್ಲಿ ಇಬ್ಬರು ಆಡಿದರೆ ಜಗಳ ಖಚಿತ. ಅಂದ ಹಾಗೆ, ಕಡತ ಆರಿಸುವ ಪರದೆಯ ಕೆಳಗಡೆ ಕಡತ ಅಳಿಸುವ ಗುಂಡಿಯೂ ಇದೆ. ಐದು ವರ್ಷದೊಳಗಿನ ಮಕ್ಕಳಿಗೆ ಕಂಟ್ರೋಲರ್ ಕೊಡುವುದಾದರೆ ಆ ಪರದೆ ದಾಟಿಸಿ ಕೊಡಿ.